ತುಪ್ಪಕ್ಕೆ ಪಾತ್ರೆಯೋ, ಪಾತ್ರೆಗೆ ತುಪ್ಪವೋ?

ತರ್ಕಶಾಸ್ತ್ರದ ಪಂಡಿತನೊಬ್ಬನ ಕಥೆಯನ್ನು ವಾಚಕರು ಬಾಲ್ಯದಲ್ಲಿ ಕೇಳಿಯೇ ಇರುವರು. ಹೆಂಡತಿಯು ಅವನ ಕೈಗೆ ಪಾತ್ರೆಯೊಂದನ್ನು ಕೊಟ್ಟು ಅಂಗಡಿಯಿಂದ ತುಪ್ಪವನ್ನು ತರುವಂತೆ ಕಳುಹಿಸಿದಳಂತೆ. ತುಪ್ಪವನ್ನು ಕೊಂಡು ಹಿಂದಿರುಗುವಾಗ ದಾರಿಯಲ್ಲಿ ಆ ಮಹಾನುಭಾವನಿಗೆ ಒಂದು ಸಂದೇಹವುಂಟಾಯಿತು: ಪಾತ್ರೆಯು ತುಪ್ಪಕ್ಕೆ ಆಧಾರವೋ, ತುಪ್ಪವೇ ಪಾತ್ರೆಗೆ ಆಧಾರವೋ? ಶಾಸ್ತ್ರಗಳನ್ನೆಲ್ಲ ನೆನೆದರೂ ನಿರ್ಣಯವಾಗಲಿಲ್ಲ. ಕೊನೆಗೆ ಪ್ರತ್ಯಕ್ಷ ಪ್ರಮಾಣವೇ ಮೇಲೆಂದು ನಿಶ್ಚಯಿಸಿ ಪಾತ್ರೆಯನ್ನು ಬೋರಲು ಹಾಕಿದನು. ತುಪ್ಪವು ಮಣ್ಣುಪಾಲಾಯಿತು, ಸಂದೇಹವು ಪರಿಹಾರವಾಯಿತು. ಮನೆಯಲ್ಲಿ ಆ ರಾತ್ರಿ ಏನು ನಡೆಯಿತೆಂಬುದನ್ನು ಕಥೆಯು ಹೇಳುವುದಿಲ್ಲ. ಗೃಹಸ್ಥರಾದ ವಾಚಕರು ತಾವೇ ಊಹಿಸಿಕೊಳ್ಳಬಹುದು.

ಮೂವತ್ತಕ್ಕೂ ಹೆಚ್ಚು ವರ್ಷಗಳ ಕಾಲ ಈ ಕಥೆಯನ್ನು ನಾವು ತರಗತಿಯಲ್ಲಿ ಹೇಳಿ ಹುಡುಗರನ್ನು ನಗಿಸಿದ್ದೇವೆ. ಆ ಪಂಡಿತನು ಕೇವಲ ಮೂರ್ಖನೆಂದೇ ನಾವೂ ತಿಳಿದಿದ್ದೆವು. ಆದರೆ ಕಳೆದ ತಿಂಗಳು ನಡೆದ ಒಂದು ಸಂಭಾಷಣೆಯಿಂದ, ಅವನ ಪ್ರಶ್ನೆಯಲ್ಲಿ ನಾವು ಕಾಣದೆ ಹೋಗಿದ್ದ ಅರ್ಥವೊಂದು ಉಂಟೆಂದು ತೋರಿತು. ಅಷ್ಟೇ ಅಲ್ಲ, ನಮ್ಮ ಹಳೆಯ ತಪ್ಪೊಂದರ ಕಾರಣವೂ ಅದರೊಡನೆಯೇ ತಿಳಿಯಿತು. ಅವೆರಡನ್ನೂ ಈ ತಿಂಗಳು ವಾಚಕರ ಮುಂದಿಡುವೆವು.

ನಮ್ಮ ತಮ್ಮನ ಮಗಳು ದಾವಣಗೆರೆಯಲ್ಲಿ ಜೀವರಸಾಯನಶಾಸ್ತ್ರವನ್ನು ಓದುತ್ತಿದ್ದಾಳೆ. ಒಂದು ಭಾನುವಾರ ಬೆಳಗ್ಗೆ ನಮ್ಮ ಮನೆಗೆ ಬಂದವಳು ಬೆಣ್ಣೆದೋಸೆಯನ್ನು ಮುಂದಿಟ್ಟುಕೊಂಡೂ ಪುಸ್ತಕವನ್ನು ಮುಚ್ಚಲಿಲ್ಲ. ಏನು ಓದುತ್ತಿರುವೆಯೆಂದು ಕೇಳಿದೆವು. “ಇಲಿಯ ಮೈಯಲ್ಲಿ ‘ಎ’ ಜೀವಸತ್ವವನ್ನು ಹಿಡಿದುಕೊಳ್ಳುವ ಪ್ರೋಟೀನಿನ ವಿಷಯ, ದೊಡ್ಡಪ್ಪ. ಅದು ಎಲ್ಲಿ ಹುಟ್ಟುತ್ತದೆ, ಏನು ಮಾಡುತ್ತದೆ ಅಂತ” ಎಂದಳು. ಇಲಿಯ ಮೈಯ ಪ್ರೋಟೀನಿನಿಂದ ಗೃಹಸ್ಥನಿಗೇನು ಪ್ರಯೋಜನವೆಂದು ನಾವು ಹಾಸ್ಯ ಮಾಡಿದೆವು. ಅವಳು ನಗುತ್ತ, “ನಿಮ್ಮ ದೋಸೆಯ ಮೇಲಿನ ಬೆಣ್ಣೆಯಿಂದಲೇ ಆ ಕಥೆ ಶುರುವಾಗುತ್ತದೆ, ಕೇಳಿ” ಎಂದಳು. ಕೇಳಿದೆವು. ದೋಸೆಯು ತಣ್ಣಗಾಯಿತು, ಕಥೆಯು ಮುಗಿಯಲಿಲ್ಲ.

ಕಥೆಯ ಆರಂಭವು ೧೯೧೩ನೆಯ ವರ್ಷದಲ್ಲಿ. ಅಮೆರಿಕೆಯ ವಿಸ್ಕಾನ್ಸಿನ್ ಪ್ರಾಂತದಲ್ಲಿ ಮೆಕಾಲಂ ಎಂಬ ವಿಜ್ಞಾನಿಯೂ ಮಾರ್ಗರೆಟ್ ಡೇವಿಸ್ ಎಂಬ ಮಹಿಳೆಯೂ ಬಿಳಿಯ ಇಲಿಗಳಿಗೆ ಗೊತ್ತುಮಾಡಿದ ಆಹಾರವನ್ನು ಕೊಟ್ಟು ಪರೀಕ್ಷಿಸುತ್ತಿದ್ದರು. ಆಹಾರದಲ್ಲಿನ ಕೊಬ್ಬು ಹಂದಿಯ ಕೊಬ್ಬಾಗಲಿ ಆಲಿವ್ ಎಣ್ಣೆಯಾಗಲಿ ಆಗಿದ್ದರೆ, ಇಲಿಮರಿಗಳು ಕೆಲವು ಕಾಲ ಬೆಳೆದು ಬಳಿಕ ನಿಂತುಬಿಡುತ್ತಿದ್ದವು. ಅದಕ್ಕೆ ಬದಲಾಗಿ ಬೆಣ್ಣೆಯ ಕೊಬ್ಬನ್ನೋ ಮೊಟ್ಟೆಯ ಹಳದಿಯ ಸಾರವನ್ನೋ ಕೊಟ್ಟರೆ ಪುನಃ ಬೆಳೆಯುತ್ತಿದ್ದವು. ಬೆಣ್ಣೆಯಲ್ಲಿ ಕೊಬ್ಬಲ್ಲದೆ ಬೇರೊಂದು ಜೀವಾಧಾರ ವಸ್ತುವಿರಬೇಕೆಂದು ಅವರು ನಿರ್ಣಯಿಸಿದರು. ಅದೇ ವರ್ಷ ಆಸ್ಬರ್ನ್ ಮತ್ತು ಮೆಂಡೆಲ್ ಎಂಬವರೂ ಪ್ರತ್ಯೇಕವಾಗಿ ಇದನ್ನೇ ಕಂಡರು. ಆ ವಸ್ತುವಿಗೇ ಮುಂದೆ ‘ಎ’ ಜೀವಸತ್ವವೆಂದು ಹೆಸರಾಯಿತು. ೧೯೩೦ರಲ್ಲಿ ಇಂಗ್ಲೆಂಡಿನ ಥಾಮಸ್ ಮೂರ್ ಎಂಬವರು, ಗಜ್ಜರಿ ಸೊಪ್ಪುಗಳಲ್ಲಿರುವ ಕೆರೋಟಿನ್ ಎಂಬ ವರ್ಣದ್ರವ್ಯವು ಇಲಿಯ ಶರೀರದಲ್ಲಿ ‘ಎ’ ಜೀವಸತ್ವವಾಗಿ ಮಾರ್ಪಟ್ಟು ಯಕೃತ್ತಿನಲ್ಲಿ ಶೇಖರವಾಗುವುದೆಂದು ತೋರಿಸಿಕೊಟ್ಟರು.

ಈ ಜೀವಸತ್ವದ ಕೊರತೆಯಿಂದ ಮೊದಲು ಕೆಡುವುದು ಸಂಜೆಯ ದೃಷ್ಟಿ. ನಮ್ಮ ವೈದ್ಯಶಾಸ್ತ್ರಕ್ಕೆ ಈ ರೋಗವು ಹೊಸದಲ್ಲ. ಸುಶ್ರುತ ಸಂಹಿತೆಯ ಉತ್ತರತಂತ್ರದಲ್ಲಿ ನಕ್ತಾಂಧ್ಯವೆಂಬ ಹೆಸರಿನಲ್ಲಿ ಇದರ ಚಿಕಿತ್ಸೆಯು ಹೇಳಲ್ಪಟ್ಟಿದೆ; ಅಲ್ಲಿ ವಿಧಿಸಿರುವ ಔಷಧಗಳಲ್ಲಿ ಹಿಪ್ಪಲಿಯೊಡನೆ ಬೇಯಿಸಿದ ಆಡಿನ ಯಕೃತ್ತೂ ಒಂದು. ಯಕೃತ್ತೇ ಈ ಜೀವಸತ್ವದ ಭಂಡಾರವೆಂಬುದನ್ನು ಇಂದು ತಿಳಿದ ನಮಗೆ, ಹೆಸರು ತಿಳಿಯದೆಯೂ ಮದ್ದನ್ನು ಕಂಡುಕೊಂಡಿದ್ದ ಆ ಹಿರಿಯರ ನಿರೀಕ್ಷಣೆಯು ಆಶ್ಚರ್ಯವನ್ನುಂಟುಮಾಡುತ್ತದೆ. ಕನ್ನಡದಲ್ಲಿ ಇದನ್ನು ಇರುಳುಗುರುಡು ಎನ್ನುವೆವು.

ಇಲ್ಲಿಗೆ ನಮ್ಮ ಹಳೆಯ ತಪ್ಪಿನ ಮಾತು ಬರುತ್ತದೆ. ೧೯೮೮ರ ಸುಮಾರಿನಲ್ಲಿ ನಾವು ಹೊಸದಾಗಿ ಉಪಾಧ್ಯಾಯ ವೃತ್ತಿಗೆ ಸೇರಿ, ಹರಿಹರದ ಬಳಿಯ ಹೊಳೆದಂಡೆಯ ಹಳ್ಳಿಯೊಂದರಲ್ಲಿ ಪಾಠ ಹೇಳುತ್ತಿದ್ದೆವು. ಹುಡುಗರ ಮೇಲಿನ ಅಭಿಮಾನದಿಂದ ಸಂಜೆಯ ಹೊತ್ತು ಶಾಲೆಯ ಜಗಲಿಯ ಮೇಲೆ ಲಾಂದ್ರದ ಬೆಳಕಿನಲ್ಲಿ ಓದಿಸುವ ಪದ್ಧತಿಯನ್ನಿಟ್ಟುಕೊಂಡಿದ್ದೆವು. ಅವರಲ್ಲಿ ಒಂಬತ್ತು ವರ್ಷದ ಹುಡುಗನೊಬ್ಬನು ಹಗಲಿನ ಪಾಠದಲ್ಲಿ ಚುರುಕು. ಸಂಜೆಯ ಪಾಠದಲ್ಲಿ ಮಾತ್ರ ಶುದ್ಧ ಮೊದ್ದು. ಪುಸ್ತಕವನ್ನು ತಲೆಕೆಳಗಾಗಿ ಹಿಡಿಯುವನು, ಮುಂದೆ ಕುಳಿತವರನ್ನು ತುಳಿಯುವನು, ಓದೆಂದರೆ ಸುಮ್ಮನಿರುವನು. ಸೋಮಾರಿತನವೆಂದು ನಾವು ಬಗೆದೆವು. ಒಂದು ಸಂಜೆ ಅವನು ಲಾಂದ್ರವನ್ನೇ ಎಡವಿ ಉರುಳಿಸಿದಾಗ, ನಾವು ಬೆತ್ತವನ್ನು ತೆಗೆದುಕೊಂಡೆವು. ಹುಡುಗನು ಅಳಲಿಲ್ಲ. ಪೆಟ್ಟು ಯಾವ ಕಡೆಯಿಂದ ಬರುವುದೆಂದು ತಿಳಿಯದವನಂತೆ ಎರಡು ಕೈಗಳನ್ನೂ ಮುಂದೆ ಚಾಚಿ ನಿಂತಿದ್ದನು. ಆ ನಿಲುವು ನಮಗೆ ಇಂದಿಗೂ ಮರೆತಿಲ್ಲ.

ಮರುದಿನ ಬೆಳಗ್ಗೆ ಅವನ ತಾಯಿ ಶಾಲೆಗೆ ಬಂದಳು. ಜಗಳವಾಡಲಿಲ್ಲ. “ಹೊತ್ತು ಮುಳುಗಿದ ಮ್ಯಾಲೆ ಇವಂಗೆ ಏನೂ ಕಾಣಂಗಿಲ್ರೀ ಮೇಷ್ಟ್ರೇ. ಉಂಬಾಕೆ ಇಟ್ಟ ಗಂಗಾಳನೂ ತಡಕ್ತಾನೆ” ಎಂದಷ್ಟೇ ಹೇಳಿ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಎರಡು ತಿಂಗಳ ಹಿಂದೆ ಮಗನಿಗೆ ದಡಾರವೆದ್ದು, ಬಳಿಕ ಭೇದಿಯೂ ಆಗಿ, ಪಥ್ಯವೆಂದು ಅಂದಿನಿಂದಲೂ ಬರಿಯ ಅಕ್ಕಿಯ ಗಂಜಿಯನ್ನು ಹಾಕುತ್ತಿದ್ದಳಂತೆ. ನಾವು ಆ ದಿನವೇ ಹುಡುಗನನ್ನು ಸೈಕಲ್ಲಿನ ಮೇಲೆ ಕೂರಿಸಿಕೊಂಡು ಸರಕಾರಿ ವೈದ್ಯರ ಬಳಿಗೆ ಹೋದೆವು. ವೈದ್ಯರು ಕಣ್ಣುಗಳನ್ನು ನೋಡಿ, ‘ಎ’ ಜೀವಸತ್ವದ ಎಣ್ಣೆಯನ್ನು ಚಮಚದಲ್ಲಿ ಕುಡಿಸಿದರು. ಆಮೇಲೆ, “ಎಣ್ಣೆ ಒಂದೇ ಸಾಲದು ಮೇಷ್ಟ್ರೇ. ಬೇಳೆ, ಹಾಲು, ಆದರೆ ಮೊಟ್ಟೆ ಕೊಡಿಸಿ. ಇಲ್ಲದಿದ್ದರೆ ಈ ಎಣ್ಣೆ ಒಳಗೇ ಕೂತಿರುತ್ತದೆ” ಎಂದರು. ಕೆಲವೇ ದಿನಗಳಲ್ಲಿ ಹುಡುಗನು ಸಂಜೆಯ ಹೊತ್ತಿನಲ್ಲಿ ಹೊಳೆಯ ದಂಡೆಯ ಮೇಲೆ ಓಡಾಡತೊಡಗಿದನು. ಸಂತೋಷಪಟ್ಟೆವು, ನಾಚಿಕೊಂಡೆವು. ಆದರೆ ಕಣ್ಣಿನ ರೋಗಕ್ಕೂ ತೊಗರಿಬೇಳೆಗೂ ಏನು ಸಂಬಂಧ, ಕುಡಿಸಿದ ಎಣ್ಣೆಯು ‘ಒಳಗೇ ಕೂತಿರುವುದು’ ಎಂದರೇನು, ಎಂಬುದು ನಮಗೆ ಅಂದು ತಿಳಿಯಲಿಲ್ಲ, ಕೇಳಲೂ ಇಲ್ಲ. ಕಳೆದ ತಿಂಗಳು ಆ ಭಾನುವಾರದವರೆಗೂ ಅದು ತಿಳಿಯದೆಯೇ ಉಳಿದಿತ್ತು.

ಈಗ ವಿಷಯಕ್ಕೆ ಬರೋಣ. ‘ಎ’ ಜೀವಸತ್ವವು ಜಿಡ್ಡಿನ ಜಾತಿಯದು, ನೀರಿನಲ್ಲಿ ಕರಗದು. ನಮ್ಮ ರಕ್ತವಾದರೋ ಬಹುಮಟ್ಟಿಗೆ ನೀರು. ಯಕೃತ್ತಿನ ಭಂಡಾರದಲ್ಲಿರುವ ಜಿಡ್ಡಿನ ವಸ್ತುವು ನೀರಿನ ಪ್ರವಾಹವನ್ನು ದಾಟಿ ಕಣ್ಣಿಗೆ ಹೋಗಿ ಸೇರುವುದು ಹೇಗೆ? ತುಂಗಭದ್ರೆಯ ಮೇಲೆ ಸೇತುವೆಗಳಿಲ್ಲದ ಕಾಲದಲ್ಲಿ ಜನರು ಹರಿಗೋಲನ್ನು ಏರಿ ಹೊಳೆಯನ್ನು ದಾಟುತ್ತಿದ್ದಂತೆಯೇ, ಈ ಜೀವಸತ್ವಕ್ಕೂ ಒಂದು ಹರಿಗೋಲುಂಟು. ಅದೇ ರೆಟಿನಾಲ್ ವಾಹಕ ಪ್ರೋಟೀನು. ರಕ್ತದಲ್ಲಿ ಸಂಚರಿಸುವ ‘ಎ’ ಜೀವಸತ್ವದ ರೂಪಕ್ಕೆ ರೆಟಿನಾಲ್ ಎಂದು ಹೆಸರು. ೧೯೬೮ರಲ್ಲಿ ಅಮೆರಿಕೆಯ ಡೆವಿಟ್ ಗುಡ್‌ಮನ್ ಎಂಬವರೂ ಅವರ ಸಂಗಡಿಗರೂ ಮನುಷ್ಯರಕ್ತದಿಂದ ಈ ಪ್ರೋಟೀನನ್ನು ಬೇರ್ಪಡಿಸಿ ತೋರಿಸಿದರು. ಬಳಿಕ ಇಲಿಯ ರಕ್ತದಲ್ಲಿಯೂ ಅದನ್ನೇ ಕಂಡರು. ಅದರ ಆಕಾರವು ಒಂದು ಸಣ್ಣ ಪೀಪಾಯಿಯಂತೆ. ಒಂದು ಪೀಪಾಯಿಗೆ ಒಂದೇ ರೆಟಿನಾಲ್ ಅಣು. ಅಣುಭಾರದಲ್ಲಿ ಹೇಳುವುದಾದರೆ ಪ್ರಯಾಣಿಕನ ಭಾರ ೨೮೬, ಹರಿಗೋಲಿನ ಭಾರ ಸುಮಾರು ೨೧,೦೦೦. ಎಂದರೆ ಒಬ್ಬ ಪ್ರಯಾಣಿಕನಿಗಾಗಿ ಅವನ ಎಪ್ಪತ್ತು ಪಟ್ಟಿಗೂ ಮಿಗಿಲಾದ ತೂಕದ ಹರಿಗೋಲು!

ಇಷ್ಟಕ್ಕೇ ಮುಗಿಯಲಿಲ್ಲ. ಈ ಹರಿಗೋಲು ಒಂಟಿಯಾಗಿ ಹೊರಟರೆ, ಚಿಕ್ಕದಾದುದರಿಂದ ಮೂತ್ರಪಿಂಡಗಳ ಜರಡಿಯಲ್ಲಿ ಸೋರಿಹೋಗುವ ಭಯವುಂಟು. ಆದಕಾರಣ ರಕ್ತದಲ್ಲಿ ಅದು ಟ್ರಾನ್ಸ್‌ಥೈರೆಟಿನ್ ಎಂಬ ಇನ್ನೊಂದು ದೊಡ್ಡ ಪ್ರೋಟೀನಿಗೆ ಅಂಟಿಕೊಂಡೇ ಸಾಗುವುದು. ಅದರ ಅಣುಭಾರವು ಸುಮಾರು ೫೫,೦೦೦. ಕಣ್ಣಿನ ಬಳಿಯ ಜೀವಕೋಶಗಳ ಹೊರಮೈಯಲ್ಲಿ ಈ ಹರಿಗೋಲನ್ನು ಗುರುತಿಸಿ ಪ್ರಯಾಣಿಕನನ್ನು ಇಳಿಸಿಕೊಳ್ಳುವ ಕಟ್ಟೆಯೊಂದಿರುವುದೆಂದು ೨೦೦೭ರಲ್ಲಿ ಕಂಡುಬಂದಿತು. ಕಣ್ಣಿನೊಳಗೆ ಸೇರಿದ ಜೀವಸತ್ವವು ಅಲ್ಲಿಯೂ ಒಂಟಿಯಾಗಿರದು; ಆಪ್ಸಿನ್ ಎಂಬ ಮತ್ತೊಂದು ಪ್ರೋಟೀನಿನೊಡನೆ ಕೂಡಿ, ಮಂದವಾದ ಬೆಳಕನ್ನು ಗ್ರಹಿಸುವ ದ್ರವ್ಯವಾಗುವುದು. ಈ ದೃಷ್ಟಿರಹಸ್ಯವನ್ನು ಬಿಡಿಸಿದುದಕ್ಕಾಗಿ ಜಾರ್ಜ್ ವಾಲ್ಡ್ ಎಂಬವರಿಗೆ ೧೯೬೭ರಲ್ಲಿ ನೊಬೆಲ್ ಪಾರಿತೋಷಕದ ಪಾಲು ದೊರೆಯಿತು.

ಈ ಹರಿಗೋಲನ್ನು ಕಟ್ಟುವ ಕಾರ್ಖಾನೆಯೆಲ್ಲಿ? ‘ಅಭಿವ್ಯಕ್ತಿ’ ಎಂಬ ಪದವನ್ನು ನಮ್ಮ ತಮ್ಮನ ಮಗಳು ಇಲ್ಲಿ ಪ್ರಯೋಗಿಸಿದಳು. ಸಾಂಖ್ಯರ ಸತ್ಕಾರ್ಯವಾದವನ್ನು ಓದಿದ ನಮಗೆ ಆ ಪದವು ಅಪರಿಚಿತವಲ್ಲ: ಕಾರ್ಯವು ಕಾರಣದಲ್ಲಿ ಮೊದಲೇ ಅಡಗಿದ್ದು ಸಮಯ ಬಂದಾಗ ವ್ಯಕ್ತವಾಗುವುದೆಂದು ಅವರ ಮತ. ಶರೀರದ ಬಹುತೇಕ ಎಲ್ಲ ಜೀವಕೋಶಗಳಲ್ಲಿಯೂ ಈ ಪ್ರೋಟೀನನ್ನು ಕಟ್ಟುವ ವಿಧಾನವು ಬರೆದಿಟ್ಟಿರುವುದು. ಆದರೆ ಎಲ್ಲ ಕೋಶಗಳೂ ಅದನ್ನು ಓದುವುದಿಲ್ಲ. ಪಂಚಾಂಗವು ಎಲ್ಲರ ಮನೆಯ ಗೋಡೆಯ ಮೇಲೆ ತೂಗುತ್ತಿದ್ದರೂ ಮದುವೆಯ ಮಾತು ಬಂದ ಮನೆಯವರು ಮಾತ್ರ ಮುಹೂರ್ತದ ಪುಟವನ್ನು ತೆರೆಯುವಂತೆ ಇದು. ಇಲಿಯಲ್ಲಿ ಆ ಪುಟವನ್ನು ಹೆಚ್ಚಾಗಿ ತೆರೆಯುವುದು ಯಕೃತ್ತು. ಮೂತ್ರಪಿಂಡಗಳಲ್ಲಿಯೂ ಕೊಬ್ಬಿನ ಕೋಶಗಳಲ್ಲಿಯೂ ಸ್ವಲ್ಪಮಟ್ಟಿಗೆ ಉಂಟು. ಗರ್ಭದಲ್ಲಿರುವ ಇಲಿಮರಿಯನ್ನು ಸುತ್ತಿರುವ ಪೊರೆಯೂ ಈ ಪ್ರೋಟೀನನ್ನು ತಯಾರಿಸುವುದೆಂದು ೧೯೮೦ರ ದಶಕದಲ್ಲಿ ತಿಳಿದುಬಂದಿತು. ತಾಯಿಯ ಭಂಡಾರದಿಂದ ಮರಿಯವರೆಗೆ ಒಬ್ಬ ವಾಹಕನು ಕೈಗೊಪ್ಪಿಸಿದುದನ್ನು ಇನ್ನೊಬ್ಬ ವಾಹಕನು ಮುಂದಕ್ಕೆ ಒಯ್ಯುವನು.

ಇನ್ನು ಆ ತಾರ್ಕಿಕನ ಪ್ರಶ್ನೆ. ೧೯೭೨ರಲ್ಲಿ ಮುಟೋ, ಗುಡ್‌ಮನ್ ಮೊದಲಾದವರು ಇಲಿಗಳಿಗೆ ‘ಎ’ ಜೀವಸತ್ವವಿಲ್ಲದ ಆಹಾರವನ್ನು ಕೊಟ್ಟು ಸಾಕಿದರು. ಆ ಇಲಿಗಳ ರಕ್ತದಲ್ಲಿ ವಾಹಕ ಪ್ರೋಟೀನು ತೀರ ಇಳಿದುಹೋಯಿತು. ಯಕೃತ್ತು ಅದನ್ನು ಕಟ್ಟುವುದನ್ನೇ ನಿಲ್ಲಿಸಿರಬೇಕೆಂದು ಯಾರಾದರೂ ಊಹಿಸುವರಷ್ಟೆ. ಆದರೆ ಯಕೃತ್ತನ್ನು ಪರೀಕ್ಷಿಸಲಾಗಿ, ಅಲ್ಲಿ ಆ ಪ್ರೋಟೀನು ಸಾಮಾನ್ಯಕ್ಕಿಂತಲೂ ಹೆಚ್ಚಾಗಿ ರಾಶಿಬಿದ್ದಿತ್ತು! ಹರಿಗೋಲುಗಳು ಸಿದ್ಧವಾಗಿ ದಡದಲ್ಲಿ ನಿಂತಿದ್ದವು, ಪ್ರಯಾಣಿಕರಿಲ್ಲದುದರಿಂದ ಹೊರಡಲಿಲ್ಲ. ಸ್ವಲ್ಪ ಜೀವಸತ್ವವನ್ನು ಕೊಟ್ಟೊಡನೆಯೇ, ಕೆಲವು ನಿಮಿಷಗಳೊಳಗಾಗಿ, ರಾಶಿಬಿದ್ದಿದ್ದ ಪ್ರೋಟೀನು ರಕ್ತಕ್ಕೆ ನುಗ್ಗಿತು.

ಇದರಿಂದೇನಾಯಿತು? ಪಾತ್ರೆಯಿಲ್ಲದೆ ತುಪ್ಪವು ಹೊರಡದು, ಇದು ಎಲ್ಲರೂ ಬಲ್ಲ ಮಾತು. ಆದರೆ ತುಪ್ಪವಿಲ್ಲದೆ ಈ ಪಾತ್ರೆಯೂ ಮನೆಯನ್ನು ಬಿಟ್ಟು ಹೊರಡದು! ಇಲ್ಲಿ ಆಧಾರವೇ ಆಧೇಯ, ಆಧೇಯವೇ ಆಧಾರ. ನಾವು ಮೂವತ್ತು ವರ್ಷ ನಕ್ಕ ಆ ತಾರ್ಕಿಕನು ಅಂಗಡಿಯ ತುಪ್ಪದ ವಿಷಯದಲ್ಲಿ ತಪ್ಪಿದ್ದರೂ ಶರೀರದ ಈ ತುಪ್ಪದ ವಿಷಯದಲ್ಲಿ ಕೇಳತಕ್ಕ ಪ್ರಶ್ನೆಯನ್ನೇ ಕೇಳಿದ್ದನು.

ಶಾಸ್ತ್ರಜ್ಞರು ಅನ್ವಯ ವ್ಯತಿರೇಕ ಎಂದು ಎರಡು ಪರೀಕ್ಷೆಗಳನ್ನು ಹೇಳುವರು. ಒಂದು ವಸ್ತುವಿದ್ದಾಗ ಫಲವಿರುವುದೇ, ಇಲ್ಲದಿದ್ದಾಗ ಫಲವಿಲ್ಲವೇ ಎಂದು ನೋಡುವುದು. ೧೯೯೯ರಲ್ಲಿ ವ್ಯತಿರೇಕ ಪರೀಕ್ಷೆಯೂ ನಡೆಯಿತು. ಇಲಿಗಿಂತ ಕಿರಿದಾದ ಸುಂಡಿಲಿಗಳಲ್ಲಿ ಈ ವಾಹಕ ಪ್ರೋಟೀನಿನ ವಿಧಾನವನ್ನೇ ಅಳಿಸಿ ನೋಡಿದರು. ಆ ಸುಂಡಿಲಿಗಳು ಬದುಕಿದವು, ಆದರೆ ಮೊದಲ ತಿಂಗಳುಗಳಲ್ಲಿ ಅವುಗಳ ದೃಷ್ಟಿಯು ಮಂದವಾಗಿತ್ತು. ಯಕೃತ್ತಿನಲ್ಲಿ ಜೀವಸತ್ವವು ತುಂಬಿದ್ದರೂ ಅದು ಹೊರಗೆ ಬರುತ್ತಿರಲಿಲ್ಲ. ಅಂದಂದಿನ ಆಹಾರದಲ್ಲಿ ಬಂದ ಜೀವಸತ್ವವು ಕೊಬ್ಬಿನ ಕಣಗಳ ಜೊತೆಯಲ್ಲಿ ಸಾಗಿ ಹೇಗೋ ಕೆಲಸವನ್ನು ನಡೆಯಿಸುತ್ತಿತ್ತು. ದಿನದಿನವೂ ಒಳ್ಳೆಯ ಆಹಾರ ದೊರೆತಾಗ ಕೆಲವು ತಿಂಗಳುಗಳಲ್ಲಿ ದೃಷ್ಟಿಯು ಸರಿಯಾಯಿತು. ಕಣಜ ತುಂಬಿದ್ದರೂ ಬೀಗದ ಕೈ ಇಲ್ಲದ ಮನೆಯವನು ದಿನಗೂಲಿಯಿಂದ ಬದುಕಿದಂತೆ.

ಕೋಶಗಳ ಒಳಗಡೆಯೂ ಇಂತಹದೇ ಮತ್ತೊಂದು ಪ್ರೋಟೀನು ಉಂಟು. ೧೯೭೩ರಲ್ಲಿ ಬ್ಯಾಷರ್, ಟಾಫ್ಟ್, ಖಿಟಿಲ್ ಎಂಬ ಮೂವರು ಇಲಿಯ ಅಂಗಾಂಶಗಳಲ್ಲಿ ಇದನ್ನು ಮೊದಲು ಕಂಡರು. ರಕ್ತದ ವಾಹಕನು ಹೊಳೆಯ ಹರಿಗೋಲಾದರೆ, ಇದು ಮನೆಯೊಳಗೆ ಸಾಮಾನನ್ನು ಎತ್ತಿಡುವ ಆಳು. ಜೀವಸತ್ವವನ್ನು ಯಕೃತ್ತಿನ ಶೇಖರಣೆಯ ಕೋಶಗಳಲ್ಲಿ ಇಡಲು ಇದರ ಸಹಾಯವು ಬೇಕು; ಇದಿಲ್ಲದ ಸುಂಡಿಲಿಗಳಲ್ಲಿ ಭಂಡಾರವು ಬೇಗನೆ ಬರಿದಾಯಿತು. ಕರುಳಿನಲ್ಲಿ ಜೀವಸತ್ವವನ್ನು ಬರಮಾಡಿಕೊಳ್ಳಲು ಇದರ ದಾಯಾದಿಯೊಬ್ಬನು ಪ್ರತ್ಯೇಕವಾಗಿರುವನು. ಇನ್ನೊಂದು ವಿಶೇಷವೆಂದರೆ, ಯಕೃತ್ತಿನ ವಾಹಕ ಪ್ರೋಟೀನು ಜೀವಸತ್ವದ ಕೊರತೆಯಿದ್ದರೂ ತಯಾರಾಗುತ್ತಲೇ ಇರುವುದು. ಕೋಶದೊಳಗಿನ ಈ ಪ್ರೋಟೀನಾದರೋ ಕೊರತೆಯ ಕಾಲದಲ್ಲಿ ಅನೇಕ ಅಂಗಗಳಲ್ಲಿ ಕಡಿಮೆಯಾಗುವುದು. ಯಜಮಾನನು ಸಾಮಾನು ತರುವುದನ್ನು ನಿಲ್ಲಿಸಿದರೆ ಎತ್ತಿಡುವ ಆಳೂ ಮನೆಯನ್ನು ಬಿಡುವನೆಂದು ತಿಳಿಯಬಹುದು.

ಈ ವಿದ್ಯೆಯಲ್ಲಿ ನಮ್ಮ ನಾಡಿನ ಪಾಲೂ ಉಂಟೆಂದು ಹೇಳಲು ನಮಗೆ ಸಂತೋಷವಾಗುತ್ತದೆ. ಬೆಂಗಳೂರಿನಲ್ಲಿ ೧೯೦೯ರಲ್ಲಿ ಸ್ಥಾಪಿತವಾದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕ ಜಗನ್ನಾಥ ಗಂಗೂಲಿಯವರು ಬಹುಕಾಲ ‘ಎ’ ಜೀವಸತ್ವದ ಸಂಶೋಧನೆಯನ್ನು ನಡೆಯಿಸಿ, ೧೯೮೯ರಲ್ಲಿ ಆ ವಿಷಯವಾಗಿಯೇ ಒಂದು ಗ್ರಂಥವನ್ನು ಪ್ರಕಟಿಸಿದರು. ಅದೇ ಸಂಸ್ಥೆಯ ಪ್ರಾಧ್ಯಾಪಕ ಪಿ. ಆರ್. ಅಡಿಗರು ಜೀವಸತ್ವಗಳ ವಾಹಕ ಪ್ರೋಟೀನುಗಳ ಅಧ್ಯಯನದಿಂದಲೇ ಪ್ರಸಿದ್ಧರಾದವರು. ಅವರಿಗೆ ೧೯೮೦ರಲ್ಲಿ ಭಟ್ನಾಗರ್ ಪ್ರಶಸ್ತಿಯು ಬಂದಿತು. ಕೋಳಿಯ ಮೊಟ್ಟೆಯಲ್ಲಿ ರೈಬೋಫ್ಲೇವಿನ್ ಎಂಬ ‘ಬಿ’ ಗುಂಪಿನ ಜೀವಸತ್ವವನ್ನು ಒಯ್ದು ಇಡುವ ವಾಹಕ ಪ್ರೋಟೀನೊಂದುಂಟು. ಹುಟ್ಟಿನಿಂದಲೇ ಆ ವಾಹಕವಿಲ್ಲದ ಕೋಳಿಗಳು ಮೊಟ್ಟೆಯನ್ನೇನೋ ಇಡುವವು. ಆದರೆ ಒಳಗಿನ ಮರಿಯು ಹದಿಮೂರನೆಯ ದಿನದ ಸುಮಾರಿಗೆ ಸಾಯುವುದು. ಅಡಿಗರೂ ಅವರ ಶಿಷ್ಯರೂ ಈ ಪ್ರೋಟೀನಿಗೆ ವಿರುದ್ಧವಾದ ಪ್ರತಿರೋಧವನ್ನು ಹೆಣ್ಣು ಇಲಿಗಳಲ್ಲಿ ಉಂಟುಮಾಡಿ, ಅವುಗಳಲ್ಲಿ ಗರ್ಭವು ನಿಲ್ಲದೆಂಬುದನ್ನು ೧೯೮೨ರಲ್ಲಿ ಪ್ರಕಟಿಸಿದರು. ಜೀವಸತ್ವವು ತಾಯಿಯ ಶರೀರದಲ್ಲಿದ್ದರೂ ಸಾಲದು. ಒಯ್ಯುವವನಿಲ್ಲದಿದ್ದರೆ ಮಗುವಿಗೆ ತಲಪದು. ‘ಎ’ ಜೀವಸತ್ವಕ್ಕೂ ‘ಬಿ’ ಜೀವಸತ್ವಕ್ಕೂ ಇದೇ ನ್ಯಾಯ.

ಇಲ್ಲಿಗೆ ಬಂದಾಗ ನಮಗೆ ಆ ಸರಕಾರಿ ವೈದ್ಯರ ಮಾತು ಥಟ್ಟನೆ ನೆನಪಾಯಿತು. “ಹರಿಗೋಲು ಪ್ರೋಟೀನಿನಿಂದ ಆದದ್ದು ತಾನೇ? ಹಾಗಾದರೆ ಮಗುವಿನ ಊಟದಲ್ಲಿ ಪ್ರೋಟೀನೇ ಇಲ್ಲದಿದ್ದರೆ?” ಎಂದು ಕೇಳಿದೆವು. “ಅದೇ ದೊಡ್ಡಪ್ಪ, ಹರಿಗೋಲು ಕಟ್ಟಲಿಕ್ಕೆ ಸಾಮಾನೇ ಇರುವುದಿಲ್ಲ” ಎಂದಳು. ಈ ಪ್ರೋಟೀನು ರಕ್ತದಲ್ಲಿ ಬಹುಕಾಲ ಬಾಳುವಂಥದಲ್ಲ. ಸುಮಾರು ಅರ್ಧ ದಿನದಲ್ಲಿ ಅರ್ಧ ಭಾಗವು ಕಳೆದುಹೋಗುವುದು. ಆದುದರಿಂದ ಹೊಸದನ್ನು ಕಟ್ಟುತ್ತಲೇ ಇರಬೇಕು. ಊಟದಲ್ಲಿ ಬೇಳೆ ಹಾಲುಗಳಿಲ್ಲದೆ ಬರಿಯ ಗಂಜಿಯೇ ಆದರೆ ಕಟ್ಟುವ ಕೆಲಸವು ಕುಂದುವುದು. ದಡಾರದಂತಹ ಜ್ವರವು ಬಂದಾಗಲೂ ರಕ್ತದಲ್ಲಿ ಈ ವಾಹಕವು ಇಳಿಯುವುದು, ಜೀವಸತ್ವದ ಖರ್ಚೂ ಹೆಚ್ಚುವುದು. ಭೇದಿಯಾದರೆ ಕರುಳು ಒಳಕ್ಕೆ ತೆಗೆದುಕೊಳ್ಳುವುದೂ ಕಡಿಮೆ. ನಮ್ಮ ಆ ಹುಡುಗನ ಮೇಲೆ ಈ ಮೂರೂ ಏಕಕಾಲದಲ್ಲಿ ಬಿದ್ದಿದ್ದವು. ನಾಲ್ಕನೆಯದಾಗಿ ಬಿದ್ದುದು ನಮ್ಮ ಬೆತ್ತ.

ಇಲಿಗಳ ಈ ವಿಚಿತ್ರದಿಂದ ಮನುಷ್ಯರಿಗೊಂದು ಪರೀಕ್ಷೆಯೂ ದೊರೆಯಿತು. ಯಕೃತ್ತಿನ ಭಂಡಾರವು ಬಹುಮಟ್ಟಿಗೆ ಬರಿದಾಗುವವರೆಗೂ ರಕ್ತದಲ್ಲಿ ಜೀವಸತ್ವದ ಪ್ರಮಾಣವು ಇಳಿಯುವುದಿಲ್ಲ. ಹಾಗಾಗಿ ರಕ್ತವನ್ನು ಒಮ್ಮೆ ನೋಡಿದ ಮಾತ್ರಕ್ಕೆ ಭಂಡಾರದ ಸ್ಥಿತಿಯು ತಿಳಿಯದು. ೧೯೭೯ರಲ್ಲಿ ಇಲಿಗಳ ಮೇಲೆಯೇ ಒಂದು ಉಪಾಯವನ್ನು ಕಂಡುಹಿಡಿದರು. ಸ್ವಲ್ಪ ಜೀವಸತ್ವವನ್ನು ಕೊಟ್ಟು ಆಮೇಲೆ ರಕ್ತವನ್ನು ನೋಡುವುದು. ಭಂಡಾರವು ತುಂಬಿದ್ದರೆ ಹೆಚ್ಚಿನ ವ್ಯತ್ಯಾಸವಿರದು. ಬರಿದಾಗಿದ್ದರೆ, ಯಕೃತ್ತಿನ ದಡದಲ್ಲಿ ಕಾದು ನಿಂತಿದ್ದ ಹರಿಗೋಲುಗಳೆಲ್ಲ ಒಮ್ಮೆಲೇ ಹೊರಟು ರಕ್ತದಲ್ಲಿ ಪ್ರಮಾಣವು ಏರುವುದು. ಮನುಷ್ಯರಲ್ಲಿ ಐದು ಗಂಟೆಗಳ ಬಳಿಕ ಎರಡನೆಯ ಸಲ ರಕ್ತವನ್ನು ನೋಡುವರು. ವಿಘ್ನೇಶ್ವರನ ವಾಹನವಾದ ಮೂಷಿಕವು ವಾಹಕರ ರಹಸ್ಯವನ್ನು ಕಲಿಸಿದುದು ಉಚಿತವೇ ಅಲ್ಲವೆ?

ಈಗ ಗೃಹಸ್ಥರು ಮಾಡತಕ್ಕದ್ದೇನು? ನಮಗೆ ತಿಳಿದಷ್ಟನ್ನು ಸಂಗ್ರಹವಾಗಿ ಹೇಳುವೆವು. ದಾವಣಗೆರೆ ಹರಿಹರಗಳ ಸುತ್ತಮುತ್ತ ಭದ್ರಾ ಕಾಲುವೆಯ ನೀರಿನಿಂದ ಭತ್ತವು ಸಮೃದ್ಧವಾಗಿ ಬೆಳೆಯುವುದು; ಆದರೆ ಬಿಳಿಯ ಅಕ್ಕಿಯಲ್ಲಾಗಲಿ ಅದರಿಂದಾದ ಮಂಡಕ್ಕಿಯಲ್ಲಾಗಲಿ ಈ ಜೀವಸತ್ವವಿಲ್ಲ. ನುಗ್ಗೆ, ಹರಿವೆ, ಬಸಳೆ, ಮೆಂತ್ಯ ಮೊದಲಾದ ಹಸಿರು ಸೊಪ್ಪುಗಳಲ್ಲಿಯೂ, ಗಜ್ಜರಿ, ಪರಂಗಿ, ಮಾವು, ಸಿಹಿಗುಂಬಳಗಳಲ್ಲಿಯೂ ಅದರ ಮೂಲವಸ್ತುವುಂಟು. ಹಾಲು, ಬೆಣ್ಣೆ, ಮೊಟ್ಟೆಗಳಲ್ಲಿ ಸಾಕ್ಷಾತ್ ಅದೇ ಉಂಟು. ಸೊಪ್ಪಿನ ಸತ್ವವು ಜಿಡ್ಡಿನೊಡನೆ ಮಾತ್ರ ಮೈಗೆ ಹತ್ತುವುದರಿಂದ ಒಗ್ಗರಣೆಯ ಎಣ್ಣೆಯನ್ನೋ ಒಂದು ಚಮಚ ತುಪ್ಪವನ್ನೋ ಬಿಡಬಾರದು. ಇದರ ಜೊತೆಯಲ್ಲಿ ಬೇಳೆ, ಕಾಳು, ಹಾಲು, ಮೊಸರು, ತಿನ್ನುವವರಿಗೆ ಮೊಟ್ಟೆ, ಇವು ಬೇಕು. ಇವಿಲ್ಲದಿದ್ದರೆ ಭಂಡಾರವಿದ್ದೂ ವಾಹಕನಿಲ್ಲ. ಮಗುವಿಗೆ ಕಾಯಿಲೆಯಾದಾಗ ಪಥ್ಯವೆಂದು ವಾರಗಟ್ಟಲೆ ಬರಿಯ ಗಂಜಿಯ ಮೇಲಿಡುವ ಪದ್ಧತಿಯನ್ನು ಬಿಡತಕ್ಕದ್ದು.

ಕೇಂದ್ರ ಸರಕಾರವು ೧೯೭೦ರಲ್ಲಿ ಆರಂಭಿಸಿದ ಯೋಜನೆಯ ಫಲವಾಗಿ ಮಕ್ಕಳಿಗೆ ಒಂಬತ್ತು ತಿಂಗಳಿಂದ ಐದು ವರ್ಷ ತುಂಬುವವರೆಗೆ ಆರು ತಿಂಗಳಿಗೊಮ್ಮೆ ಈ ಜೀವಸತ್ವದ ದ್ರವವನ್ನು ಕುಡಿಸುವರು. ಅಂಗನವಾಡಿಯಿಂದಲೋ ಆರೋಗ್ಯ ಕೇಂದ್ರದಿಂದಲೋ ಕರೆ ಬಂದಾಗ ತಪ್ಪಿಸಬಾರದು. ದಡಾರದ ಚುಚ್ಚುಮದ್ದನ್ನೂ ತಪ್ಪಿಸಬಾರದು. ಆದರೆ ಒಳ್ಳೆಯದೆಂದು ಅಂಗಡಿಯಿಂದ ತಾವೇ ಮಾತ್ರೆಗಳನ್ನು ತಂದು ನುಂಗುವುದೂ ನುಂಗಿಸುವುದೂ ಅಪಾಯಕರ. ಹರಿಗೋಲಿನ ಲೆಕ್ಕವನ್ನು ಮೀರಿದ ಜೀವಸತ್ವವು ವಾಹಕನಿಲ್ಲದೆ ಅಲೆದಾಡಿ ಕೋಶಗಳ ಪೊರೆಗಳನ್ನೇ ಕೆಡಿಸುವುದೆಂದು ಇಲಿಗಳಲ್ಲಿಯೇ ಕಂಡಿದ್ದಾರೆ. ಗರ್ಭಿಣಿಯರಂತೂ ವೈದ್ಯರನ್ನು ಕೇಳದೆ ಇದನ್ನು ಸೇವಿಸಲೇಕೂಡದು; ಮಿತಿಮೀರಿದರೆ ಶಿಶುವಿನ ಅಂಗಗಳಿಗೆ ಊನವುಂಟಾಗುವುದು. ಸೊಪ್ಪು ತರಕಾರಿಗಳಿಂದ ಈ ಭಯವಿಲ್ಲ; ಶರೀರವು ತನಗೆ ಬೇಕಾದಷ್ಟನ್ನೇ ಮಾರ್ಪಡಿಸಿಕೊಳ್ಳುವುದು.

ಹರಿಹರದ ಹರಿಹರೇಶ್ವರ ದೇವಾಲಯದಲ್ಲಿ ಒಂದೇ ವಿಗ್ರಹದಲ್ಲಿ ಹರಿಯೂ ಹರನೂ ನಿಂತಿರುವುದನ್ನು ನಾವು ಬಾಲ್ಯದಿಂದ ನೋಡುತ್ತ ಬಂದಿದ್ದೇವೆ. ಯಾರು ದೊಡ್ಡವರೆಂದು ಜಗಳವಾಡಿದವರಿಗೆ ಹದಿಮೂರನೆಯ ಶತಮಾನದಿಂದಲೂ ಆ ಗುಡಿಯು ಉತ್ತರ ಕೊಡುತ್ತಿದೆ. ಸತ್ವವು ದೊಡ್ಡದೋ ಅದನ್ನು ಒಯ್ಯುವವನು ದೊಡ್ಡವನೋ ಎಂಬ ಪ್ರಶ್ನೆಗೂ ಉತ್ತರವು ಅದೇ ಎಂದು ನಮಗೆ ಈಗ ತೋರುತ್ತದೆ. ಉಪಾಧ್ಯಾಯರಾದ ನಮ್ಮಂಥವರೂ ಒಂದು ಬಗೆಯಲ್ಲಿ ವಾಹಕರೇ. ವಿದ್ಯೆಯು ನಮ್ಮದಲ್ಲ, ಒಯ್ಯುವುದಷ್ಟೇ ನಮ್ಮ ಕೆಲಸ. ಪ್ರಯಾಣಿಕನು ಏಕೆ ಹತ್ತಲಿಲ್ಲವೆಂದು ವಿಚಾರಿಸದೆ ಅವನನ್ನು ಹೊಡೆದ ಅಂಬಿಗನು ಅಂಬಿಗನಲ್ಲ.

ಆ ಹುಡುಗನು ಈಗ ಗೃಹಸ್ಥನು, ಕಾಲುವೆಯ ಕೆಳಗೆ ಗದ್ದೆ ಮಾಡುತ್ತಿದ್ದಾನೆ. ಹೋದ ವಾರ ಮಗಳ ಮದುವೆಯ ಲಗ್ನಪತ್ರಿಕೆಯನ್ನು ಕೊಡಲು ನಮ್ಮ ಮನೆಗೆ ಬಂದಿದ್ದನು. ನಾವು ಈ ವಿಚಾರವನ್ನೆಲ್ಲ ಅವನಿಗೆ ವಿವರಿಸಿ, ಅಂದಿನ ಪೆಟ್ಟಿಗಾಗಿ ಕ್ಷಮಿಸಬೇಕೆಂದು ಕೇಳಿದೆವು. ಅವನು ತಲೆ ತಗ್ಗಿಸಿ, “ಬಿಡ್ರೀ ಮೇಷ್ಟ್ರೇ, ಸೈಕಲ್ ಮ್ಯಾಲೆ ಕೂರಿಸ್ಕೊಂಡು ಹೋಗಿದ್ದೇ ನನಗೆ ನೆನಪು” ಎಂದನು. ಮಾತಿನಲ್ಲಿ ಹೊತ್ತು ಮುಳುಗಿತ್ತು. ಹೊರಡಲೆದ್ದವನಿಗೆ ನಾವು ಅಭ್ಯಾಸಬಲದಿಂದ ಬ್ಯಾಟರಿಯನ್ನು ಕೊಡಹೋದೆವು. ಅವನು ನಕ್ಕು ಬೇಡವೆಂದನು. ಅಂದು ರಾತ್ರಿ ಗದ್ದೆಗೆ ನೀರು ಕಟ್ಟುವ ಸರದಿ ಅವನದೇ ಇತ್ತಂತೆ. ಬೀದಿಯ ದೀಪವು ಹೋಗಿತ್ತು. ಆ ಕತ್ತಲೆಯಲ್ಲಿ ಅವನು ಒಂದು ಕಲ್ಲನ್ನೂ ಎಡವದೆ ನಡೆದುಹೋಗುವುದನ್ನು ಜಗಲಿಯ ಮೇಲೆ ನಿಂತು ನೋಡಲೆಳಸಿದೆವು. ನಮ್ಮ ಅರುವತ್ತರ ಕಣ್ಣಿಗೆ ಬಹುದೂರದವರೆಗೆ ಅವನು ಕಾಣಿಸಲಿಲ್ಲ. ಹೆಜ್ಜೆಯ ಸಪ್ಪಳವು ಮಾತ್ರ ಬಹಳ ಹೊತ್ತು ಕೇಳಿಸುತ್ತಿತ್ತು.